ಕೈರೋದ ಹಳೇ ಪೇಟೆ: ಒಂದು ಬೀದಿಯನ್ನು ನಡೆದೇ ನೋಡುವುದು ಹೇಗೆ?

ಈಜಿಪ್ಟ್‌ಗೆ ಹೋಗುವವರ ಪಟ್ಟಿಯಲ್ಲಿ ಪಿರಮಿಡ್ಡು, ಮ್ಯೂಸಿಯಮ್ಮು, ನೈಲ್ ನದಿಯ ದೋಣಿ ಇದ್ದೇ ಇರುತ್ತವೆ. ಕೈರೋದ ಹಳೇ ಪೇಟೆಗೆ ಸಿಗುವುದು ಕೊನೇ ದಿನದ ಎರಡು ಗಂಟೆ ಅಷ್ಟೇ. ಖಾನ್ ಅಲ್-ಖಲೀಲಿ ಮಾರುಕಟ್ಟೆಯ ಬಾಯಲ್ಲಿ ಬಸ್ಸು ಇಳಿಸುತ್ತದೆ. ಒಂದು ಕಲ್ಲಿನ ಪಿರಮಿಡ್ಡು, ನಾಲ್ಕು ಫ್ರಿಜ್ ಮ್ಯಾಗ್ನೆಟ್ಟು ಕೊಂಡು ವಾಪಸ್ ಹತ್ತಿದರೆ ಹಳೇ ಕೈರೋ ಮುಗಿಯಿತು. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡನೇ ಸಲ ಹೋದಾಗ ಅದೇ ಮಾರುಕಟ್ಟೆಯ ಪಕ್ಕದ ಬೀದಿಗೆ ತಿರುಗಿದೆ. ಹಿಂದಿನ ಸಲ ಐವತ್ತು ಹೆಜ್ಜೆ ದೂರದಲ್ಲಿ ಏನೇನು ಬಿಟ್ಟು ಬಂದಿದ್ದೆ ಅಂತ ಹೊಟ್ಟೆ ಉರಿಯಿತು.

ಆ ಬೀದಿಯ ಹೆಸರು ಅಲ್-ಮುಇಝ್. ಉತ್ತರದ ಕೋಟೆ ಬಾಗಿಲು ಬಾಬ್ ಅಲ್-ಫುತೂಹ್‌ನಿಂದ ದಕ್ಷಿಣದ ಬಾಬ್ ಝುವೇಲಾವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ದಾರಿ. ಫಾತಿಮಿ ವಂಶದ ಖಲೀಫ ಅಲ್-ಮುಇಝ್‌ನ ಸೇನಾಪತಿ ಜೌಹರ್ 969ರಲ್ಲಿ ಊರು ಕಟ್ಟಿಸಿದಾಗ ಇದೇ ರಾಜಬೀದಿ. ಆ ಊರಿಗೆ ಇಟ್ಟ 'ಅಲ್-ಕಾಹಿರಾ' ಎಂಬ ಹೆಸರೇ ಯುರೋಪಿನವರ ಬಾಯಲ್ಲಿ ಕೈರೋ ಆಯಿತು. ಸುಮ್ನೆ ನಡೆದರೆ ಇಪ್ಪತ್ತೈದು ನಿಮಿಷಕ್ಕೆ ಬೀದಿ ಮುಗಿಯುತ್ತದೆ. ನಾನು ಹೇಳುವುದು, ಅದಕ್ಕೆ ಒಂದು ಪೂರ್ತಿ ದಿನ ಕೊಡಿ. ಹಗಲು ಉತ್ತರದಿಂದ ದಕ್ಷಿಣಕ್ಕೆ ಇಳಿಯಿರಿ, ದೀಪ ಹಚ್ಚಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹತ್ತು ಕಡೆ ಟ್ಯಾಕ್ಸಿಯಲ್ಲಿ ಇಳಿದು ಹತ್ತಿ ಮಾಡುವುದಕ್ಕಿಂತ ಜಾಸ್ತಿ ಸಿಗುತ್ತದೆ.

ಮೊದಲು ದಿನ ಗೊತ್ತು ಮಾಡಿ

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಸಂಜೆಗೆ ಒಂದು ಸ್ವೆಟರ್ ಬೇಕಾಗುತ್ತದೆ. ಮಾರ್ಚ್ ನಂತರ 'ಖಮಾಸೀನ್' ಎಂಬ ಮರುಭೂಮಿಯ ದೂಳುಗಾಳಿ ಬೀಸುವ ದಿನಗಳು ಇರುತ್ತವೆ. ಜೂನ್, ಜುಲೈ ಬೇಡವೇ ಬೇಡ.

ಶುಕ್ರವಾರ ಬಿಟ್ಟುಬಿಡಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಗಳಲ್ಲಿ ಪ್ರವಾಸಿಗರಿಗೆ ಪ್ರವೇಶ ಇರುವುದಿಲ್ಲ, ಅಂಗಡಿಗಳೂ ತಡವಾಗಿ ತೆರೆಯುತ್ತವೆ. ರಂಜಾನ್ ತಿಂಗಳ ಲೆಕ್ಕವೇ ಬೇರೆ. ಹಗಲು ಊಟ ಸಿಗುವುದು ಕಷ್ಟ, ಸ್ಮಾರಕಗಳು ಬೇಗ ಮುಚ್ಚುತ್ತವೆ. ಆದರೆ ರಾತ್ರಿ ಬೀದಿ ತುಂಬ ಬಣ್ಣದ ಕಂದೀಲು, ಎರಡು ಗಂಟೆಯಾದರೂ ಮಕ್ಕಳು ಮಲಗಿರುವುದಿಲ್ಲ. ಕಟ್ಟಡ ನೋಡುವ ಆಸೆಯಿದ್ದವರು ರಂಜಾನ್ ತಪ್ಪಿಸಿ, ಜನರನ್ನು ನೋಡುವ ಆಸೆಯಿದ್ದವರು ಆಗಲೇ ಹೋಗಿ.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಈಜಿಪ್ಟ್ ರಾಯಭಾರ ಕಚೇರಿಯ ಪುಟವನ್ನೇ ನೋಡಿ, ಯಾರದೋ ವಾಟ್ಸಾಪ್ ಸಂದೇಶ ನಂಬಬೇಡಿ.

ಚೀಲದಲ್ಲಿ ಏನಿರಬೇಕು?

ಲೇಸ್ ಇಲ್ಲದ, ಜಾರಿಸಿ ಹಾಕುವ ಶೂ. ದಿನಕ್ಕೆ ಏಳೆಂಟು ಸಲ ಬಿಚ್ಚಿ ಹಾಕಬೇಕು. ಜೊತೆಗೆ ದಪ್ಪನೆಯ ಕಾಲುಚೀಲ, ಚಳಿಗಾಲದಲ್ಲಿ ಮಸೀದಿಯ ಅಮೃತಶಿಲೆ ಐಸಿನ ಹಾಗೆ ಕೊರೆಯುತ್ತದೆ. ಶೂ ಕೈಯಲ್ಲಿ ಹಿಡಿದು ಒಳಗೆ ಹೋಗುವುದಾದರೆ ಅಟ್ಟೆಗೆ ಅಟ್ಟೆ ಸೇರಿಸಿ ಹಿಡಿಯಿರಿ, ನೆಲಕ್ಕೆ ತಾಗಿಸಬೇಡಿ. ಹೆಂಗಸರಿಗೆ ಒಂದು ದುಪಟ್ಟಾ ಸಾಕು. ಗಂಡಸರಿಗೆ ಬರ್ಮುಡಾ ಬೇಡ, ಮೊಣಕಾಲು ಮುಚ್ಚಿರಲಿ.

ಸಣ್ಣ ನೋಟು ಮುಖ್ಯ. ಐದು, ಹತ್ತು, ಇಪ್ಪತ್ತು ಪೌಂಡಿನವು ಒಂದು ಜೇಬು ತುಂಬ ಇರಲಿ. ಚಪ್ಪಲಿ ಕಾಯುವವರಿಗೆ, ಬೀಗ ತೆಗೆದು ಮೇಲೆ ಕರೆದೊಯ್ಯುವವರಿಗೆ, ಶೌಚಾಲಯದವರಿಗೆ ಎಲ್ಲ ಕಡೆ 'ಬಕ್ಷೀಷ್' ಕೊಡಬೇಕು. ನಮ್ಮ ಭಕ್ಷೀಸೇ ಅದು. ಇದನ್ನು ಮೋಸ ಅಂತ ಸಿಡುಕಬೇಡಿ, ಆ ಊರಿನ ಸಂಬಳದ ಒಂದು ಭಾಗ ಅಂದ್ಕೊಳ್ಳಿ. ಟಿಕೆಟ್ ಕೌಂಟರುಗಳಲ್ಲಿ ಮಾತ್ರ ಉಲ್ಟಾ. ಸರ್ಕಾರಿ ಸ್ಮಾರಕಗಳಲ್ಲಿ ಅನೇಕ ಕಡೆ ಈಗ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತಾರೆ. ಹಾಗಾಗಿ ಎರಡೂ ಇರಲಿ.

ಚಿಲ್ಲರೆ ವಾಪಸ್ ತೆಗೆದುಕೊಳ್ಳುವಾಗ ಕಣ್ಣಿಟ್ಟಿರಿ. ಐವತ್ತು ಪೌಂಡಿನ ನೋಟೂ ಇದೆ, ಐವತ್ತು ಪಿಯಾಸ್ಟರ್ ನೋಟೂ ಇದೆ. ನೂರು ಪಿಯಾಸ್ಟರ್ ಸೇರಿದರೆ ಒಂದು ಪೌಂಡು. ಅವಸರದಲ್ಲಿ 'ಐವತ್ತು' ಅಂತ ಕಂಡರೆ ಸಾಲದು, ಪೌಂಡೋ ಪೈಸೆಯೋ ನೋಡಿಕೊಳ್ಳಿ.

ವಿಮಾನದಲ್ಲೇ ಅಂಕಿ ಕಲಿಯಿರಿ

ಅರೇಬಿಕ್ ಅಕ್ಷರ ಕಲಿಯಲು ತಿಂಗಳು ಬೇಕು. ಅಂಕಿ ಕಲಿಯಲು ಅರ್ಧ ಗಂಟೆ ಸಾಕು. ಆದರೆ ಕನ್ನಡಿಗರಿಗೆ ಇಲ್ಲಿ ಒಂದು ಹೊಂಡ ಇದೆ. ಅವರ ಐದು ಥೇಟ್ ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಒಂದು ಗೆರೆ, ಒಂದು ದುಂಡು, ಒಂದು ಚುಕ್ಕೆ ಇದ್ದರೆ ಅದು ನೂರೈವತ್ತು. ನಾನು ಅದನ್ನು ಹತ್ತು ಅಂತ ಓದಿ, ಚುಕ್ಕೆಯನ್ನು ನೊಣ ಕೂತ ಗುರುತು ಅಂದ್ಕೊಂಡು, ಖುಷಿಯಿಂದ ಎರಡು ಗ್ಲಾಸ್ ಜ್ಯೂಸ್ ಕುಡಿದಿದ್ದೆ!

ಉಳಿದವು ಸುಲಭ. ನಾಲ್ಕು ಎಂದರೆ ಇಂಗ್ಲಿಷಿನ ಮೂರನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ಆರು ನೋಡಲು ಇಂಗ್ಲಿಷಿನ ಏಳು. ಏಳು ಮೇಲಕ್ಕೆ ಬಾಯಿ ತೆರೆದ ಕವಲು, ಅದನ್ನೇ ಕವುಚಿ ಹಾಕಿದರೆ ಎಂಟು. ಒಂಬತ್ತು ಇದ್ದ ಹಾಗೇ ಇದೆ. ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿ ನಮ್ಮ ಹಾಗೇ ಎಡದಿಂದ ಬಲಕ್ಕೆ.

ಮಾತಿನ ವಿಷಯದಲ್ಲಿ ನಿಮಗೆ ಆಗಲೇ ಅಷ್ಟಿಷ್ಟು ಬರುತ್ತದೆ. ಕುರ್ಚಿಗೆ ಅವರು 'ಕುರ್ಸಿ' ಅನ್ನುತ್ತಾರೆ, ಸೋಪಿಗೆ 'ಸಾಬೂನ್'. ಹೋಟೆಲಿನಲ್ಲಿ ಬಿಲ್ಲು ಬೇಕಾದರೆ 'ಹಿಸಾಬ್' ಅನ್ನಿ. ಮುಗಿಯಿತು, ಸಾಕು ಅನ್ನಲು 'ಖಲಾಸ್'. ಇನ್ನು 'ಬಿಕಾಮ್' ಎಂದರೆ ಎಷ್ಟು, 'ಶುಕ್ರನ್' ಎಂದರೆ ಥ್ಯಾಂಕ್ಸ್, 'ಲಾ, ಶುಕ್ರನ್' ಎಂದರೆ ಬೇಡಪ್ಪ. ಈ ಕೊನೆಯದನ್ನು ನಿಲ್ಲದೆ, ನಗುತ್ತಾ, ಕಣ್ಣು ಸೇರಿಸದೆ ಹೇಳುವುದನ್ನು ಅಭ್ಯಾಸ ಮಾಡಿ.

ನಿಮ್ಮ ಮುಖ ಕಂಡ ಕೂಡಲೇ ಅಂಗಡಿಯವರು 'ಹಿಂದಿ? ಅಮಿತಾಭ್ ಬಚ್ಚನ್!' ಅಂತ ಕೂಗುತ್ತಾರೆ. ಪ್ರೀತಿಯಿಂದಲೇ. ಆದರೆ ಅದೇ ಊರಲ್ಲಿ 'ನನ್ನನ್ನೇನು ಹಿಂದಿ ಅಂದ್ಕೊಂಡ್ಯಾ?' ಎಂಬ ಮಾತೂ ಚಾಲ್ತಿಯಲ್ಲಿದೆ. 'ಹಿಂದಿ' ಎಂದರೆ ಭಾರತದವನು, ಮಾತಿನ ಅರ್ಥ 'ನನ್ನನ್ನೇನು ಪೆದ್ದ ಅಂದ್ಕೊಂಡ್ಯಾ' ಅಂತ. ಯಾವನೋ ನಮ್ಮವನು ಯಾವುದೋ ಕಾಲದಲ್ಲಿ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಬಂದಿರಬೇಕು!

ಬೆಳಗ್ಗೆ ಒಂಬತ್ತು: ಉತ್ತರದ ಬಾಗಿಲು

ಟ್ಯಾಕ್ಸಿಯವರಿಗೆ ಖಾನ್ ಅಲ್-ಖಲೀಲಿ ಅನ್ನಬೇಡಿ, 'ಬಾಬ್ ಅಲ್-ಫುತೂಹ್' ಅನ್ನಿ. ಬಾಬ್ ಎಂದರೆ ಬಾಗಿಲು. ಕೋಟೆಯ ಹೊರಗೇ ಇಳಿದು, ಬಾಗಿಲಿನ ಮೂಲಕವೇ ಊರು ಹೊಕ್ಕರೆ ಚೆಂದ. ಎರಡೂ ಕಡೆ ದುಂಡನೆಯ ಬುರುಜು. ಪಕ್ಕದಲ್ಲೇ ಇರುವ ಬಾಬ್ ಅನ್-ನಸ್ರ್‌ನ ಬುರುಜು ಚೌಕ, ಅದರ ಮೇಲೆ ಗುರಾಣಿ ಕೆತ್ತಿದ್ದಾರೆ. ಎರಡನ್ನೂ 1087ರಲ್ಲಿ ವಜೀರ ಬದ್ರ್ ಅಲ್-ಜಮಾಲಿ ಕಟ್ಟಿಸಿದ. ನೆಪೋಲಿಯನ್ನನ ಸೈನ್ಯ ಬಂದಾಗ ಬುರುಜುಗಳಿಗೆ ತಮ್ಮವರ ಹೆಸರಿಟ್ಟು ಫ್ರೆಂಚ್ ಅಕ್ಷರ ಕೊರೆದಿದ್ದಾರೆ. ಹುಡುಕಿದರೆ ಕಾಣುತ್ತದೆ.

ಒಳಗೆ ಬಂದ ಕೂಡಲೇ ಎಡಕ್ಕೆ ಅಲ್-ಹಾಕಿಮ್ ಮಸೀದಿ. 1013ರಲ್ಲಿ ಮುಗಿದದ್ದು. ಮಧ್ಯೆ ಕ್ರುಸೇಡ್ (ಯುರೋಪಿನ ಕ್ರೈಸ್ತರ ಧರ್ಮಯುದ್ಧ) ಕೈದಿಗಳ ಜೈಲಾಗಿ, ಕುದುರೆ ಲಾಯವಾಗಿ ಹಾಳುಬಿದ್ದಿತ್ತು. 1980ರ ಹೊತ್ತಿಗೆ ಗುಜರಾತ್ ಕಡೆಯ ಶಿಯಾ ಮುಸ್ಲಿಮರಾದ ದಾವೂದಿ ಬೋಹ್ರಾ ಸಮುದಾಯದವರು ಜೀರ್ಣೋದ್ಧಾರ ಮಾಡಿದರು. ಹಾಗಾಗಿ ಇಲ್ಲಿ ಗುಜರಾತಿ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ಬೋಹ್ರಾ ಯಾತ್ರಿಕರಿಗೆ ಇದು ಪೂರ್ವಿಕರ ಜಾಗ. ತೀರಾ ಹೊಸದಾಗಿ ಹೊಳೆಯುತ್ತದೆ ಎಂದು ಪುರಾತತ್ತ್ವದವರು ಮೂಗು ಮುರಿಯುವುದುಂಟು. ನನಗಂತೂ ಆ ಬಿಳಿ ಅಂಗಳದಲ್ಲಿ ಬೆಳಗ್ಗೆ ಹತ್ತು ನಿಮಿಷ ಕೂರುವುದು ಇಷ್ಟ. ಪೇಟೆಯ ಗದ್ದಲ ಶುರುವಾಗುವ ಮುಂಚಿನ ಕೊನೇ ಮೌನ ಅದು.

ಇಲ್ಲಿಂದ ಮುಂದೆ ಹಗಲು ಕಾರಿಗೆ ಪ್ರವೇಶವಿಲ್ಲ ಅನ್ನುತ್ತದೆ ಬೋರ್ಡು. ಸ್ಕೂಟರಿನವರಿಗೆ ಆ ಬೋರ್ಡು ಕಾಣುವುದಿಲ್ಲ. ತಲೆಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ನೂರಾರು ರೊಟ್ಟಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಸೈಕಲ್ಲಿನಲ್ಲಿ ಬರುವವನಿಗಂತೂ ಮರ್ಯಾದೆಯಿಂದ ದಾರಿ ಬಿಡಿ.

ತೊಟ್ಟಿಮನೆ ನೋಡದೆ ಮುಂದೆ ಹೋಗಬೇಡಿ

ಎಡಕ್ಕೆ ದರ್ಬ್ ಅಲ್-ಅಸ್ಫರ್ ಎಂಬ ಸಣ್ಣ ಓಣಿ. ಅದರಲ್ಲಿ ಬೈತ್ ಅಲ್-ಸುಹೈಮಿ. ಬೈತ್ ಎಂದರೆ ಮನೆ. 1648ರಲ್ಲಿ ಕಟ್ಟಿ, 1796ರಲ್ಲಿ ವಿಸ್ತರಿಸಿದ ವ್ಯಾಪಾರಸ್ಥರ ಮನೆ. ಟಿಕೆಟ್ ತೆಗೆದುಕೊಳ್ಳುವಾಗ ಅದರಲ್ಲಿ ಬೀದಿಯ ಯಾವ ಯಾವ ಸ್ಮಾರಕ ಸೇರಿದೆ ಅಂತ ಕೇಳಿಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಹಲವು ಬರುತ್ತವೆ. ಟಿಕೆಟ್ ಎಸೆಯಬೇಡಿ, ಮುಂದೆ ತೋರಿಸಬೇಕು.

ಮಲೆನಾಡಿನ ತೊಟ್ಟಿಮನೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬಾಗಿಲು ದಾಟಿದರೆ ನೇರ ಅಂಗಳ ಸಿಗುವುದಿಲ್ಲ. ದಾರಿ ಒಂದು ತಿರುವು ತೆಗೆದುಕೊಳ್ಳುತ್ತದೆ. ಬೀದಿಯಲ್ಲಿ ಹೋಗುವವನ ಕಣ್ಣು ಒಳಗೆ ಬೀಳಬಾರದು, ಅದಕ್ಕೆ. ಅಂಗಳಕ್ಕೆ ಬಂದು ಮೇಲೆ ನೋಡಿ. ಮರದ ಸಣ್ಣ ಸಣ್ಣ ಗುಂಡು ಕಡೆದು ಜೋಡಿಸಿದ ಕಿಟಕಿಗಳು, ಇವೇ ಮಶ್ರಬಿಯಾ. ನಮ್ಮ ಜಾಲಂದ್ರದ ಅಣ್ಣ ಅನ್ನಿ. ಒಳಗಿನಿಂದ ಹೊರಗೆ ಕಾಣುತ್ತದೆ, ಹೊರಗಿನಿಂದ ಒಳಗೆ ಕಾಣುವುದಿಲ್ಲ. ಮೇಲಿನ ಕೋಣೆಗೆ ಹೋಗಿ ಒಂದು ಕಿಟಕಿಗೆ ಮುಖ ತಾಗಿಸಿ ನೋಡಿ. ಬಿಸಿಲು ಪುಡಿಪುಡಿಯಾಗಿ ಒಳಗೆ ಬರುತ್ತದೆ, ಕಣ್ಣು ಕುಕ್ಕುವುದಿಲ್ಲ.

ಕೆಳಗೆ ಒಂದು ಜಾಗ ಇದೆ, ಅದರ ಹೆಸರು ತಖ್ತಬೂಶ್. ಮುಂದಿನ ಅಂಗಳಕ್ಕೂ ಹಿಂದಿನ ತೋಟಕ್ಕೂ ನಡುವೆ, ಮರದ ಬೆಂಚು ಹಾಕಿದ ಜಗಲಿ. ಎರಡೂ ಬಯಲು ಒಂದೇ ಸಮ ಕಾಯುವುದಿಲ್ಲ. ಒಂದು ಕಡೆಯ ಗಾಳಿ ಬಿಸಿಯಾಗಿ ಮೇಲೇರಿದರೆ ಇನ್ನೊಂದು ಕಡೆಯ ತಣ್ಣನೆಯ ಗಾಳಿ ಈ ಜಗಲಿಯ ಮೇಲೆ ಹಾದು ಹೋಗುತ್ತದೆ. ಫ್ಯಾನಿಲ್ಲ, ಏಸಿ ಇಲ್ಲ. ಅಲ್ಲಿ ಕೂತು ಕೈ ಚಾಚಿದರೆ ಬೆರಳ ಸಂದಿಯಲ್ಲಿ ಗಾಳಿ ಗೊತ್ತಾಗುತ್ತದೆ. ಗೈಡುಗಳು ಫೋಟೊ ತೆಗೆಸಿ ಎಬ್ಬಿಸುತ್ತಾರೆ. ಏಳಬೇಡಿ.

ಗೋಡೆ ಓದುವುದು ಹೇಗೆ?

ಮತ್ತೆ ದೊಡ್ಡ ಬೀದಿಗೆ ಬಂದು ಎಡಕ್ಕೆ ತಿರುಗಿ ಸ್ವಲ್ಪ ನಡೆದರೆ ಅಲ್-ಅಕ್ಮರ್ ಮಸೀದಿ, 1125ರದ್ದು. ಚಿಕ್ಕದು, ಬಹಳ ಜನ ದಾಟಿ ಹೋಗುತ್ತಾರೆ. ನನಗೆ ಇಡೀ ಬೀದಿಯಲ್ಲಿ ಇದೇ ಪಾಠಶಾಲೆ.

ಮಸೀದಿ ಮೆಕ್ಕಾದ ದಿಕ್ಕಿಗೆ ಇರಬೇಕು, ಕೈರೋದಲ್ಲಿ ಅದು ಆಗ್ನೇಯ. ಆದರೆ ಬೀದಿ ಆ ದಿಕ್ಕಿಗೆ ಹೊಂದುವುದಿಲ್ಲ. ಏನು ಮಾಡುವುದು? ಇಲ್ಲಿ ಕಟ್ಟಿದವರು ಹೊರಗೋಡೆಯನ್ನು ಬೀದಿಗೆ ಸರಿಯಾಗಿ ನಿಲ್ಲಿಸಿದರು, ಒಳಗಿನ ಅಂಗಳವನ್ನು ಮೆಕ್ಕಾಕ್ಕೆ ತಿರುಗಿಸಿದರು. ಎರಡರ ನಡುವೆ ಉಳಿದ ಓರೆ ಜಾಗವನ್ನು ಗೋಡೆಯ ದಪ್ಪದಲ್ಲೇ ಅಡಗಿಸಿದರು. ಹೊರಗೆ ನಿಂತು ಮುಂಭಾಗ ನೋಡಿ, ನೆಟ್ಟಗಿದೆ. ಒಳಗೆ ಹೋಗಿ ನೋಡಿ, ಅಂಗಳವೂ ನೆಟ್ಟಗಿದೆ. ಬಾಗಿಲಲ್ಲಿ ನಿಂತು ಎರಡನ್ನೂ ಸೇರಿಸಿ ನೋಡಿದಾಗ ಮಾತ್ರ ತಲೆ ಓರೆಯಾಗುತ್ತದೆ. ಕೈರೋದಲ್ಲಿ ಬೀದಿಯ ಮರ್ಯಾದೆ ಕಾಪಾಡಲು ಹೀಗೆ ಮಾಡಿದ ಮೊದಲ ಮಸೀದಿಗಳಲ್ಲಿ ಇದೂ ಒಂದು. ಆಮೇಲೆ ಇಡೀ ಪೇಟೆ ಈ ಉಪಾಯ ಕಲಿಯಿತು. ಮುಂದೆ ಯಾವ ಕಟ್ಟಡಕ್ಕೆ ಹೋದರೂ ಬಾಗಿಲಿನಿಂದ ಅಂಗಳಕ್ಕೆ ಎಷ್ಟು ತಿರುಗಿದಿರಿ ಅಂತ ಗಮನಿಸುತ್ತಾ ಹೋಗಿ.

ಮೂಲೆಯನ್ನೂ ನೋಡಿ. ಚೂಪು ಮೂಲೆಯನ್ನು ಆಳೆತ್ತರಕ್ಕೆ ಚಪ್ಪಟೆಯಾಗಿ ಕತ್ತರಿಸಿದ್ದಾರೆ. ಹೊರೆ ಹೊತ್ತ ಪ್ರಾಣಿಗಳು ಓಣಿಗೆ ತಿರುಗುವಾಗ ತಾಗದಿರಲಿ ಅಂತ ಎನ್ನುತ್ತಾರೆ.

ಸ್ವಲ್ಪ ಮುಂದೆ ಬೀದಿ ಕವಲಾಗುವ ಕಡೆ, ಮೂಗಿನ ಹಾಗೆ ಮುಂದೆ ಬಂದ ಒಂದು ಕಟ್ಟಡ. ಕೆಳಗೆ ಕಂಚಿನ ಜಾಲರಿ, ಮೇಲೆ ತೆರೆದ ಮಹಡಿ. 1744ರಲ್ಲಿ ಅಬ್ದುಲ್ ರಹಮಾನ್ ಕತ್ಖುದಾ ಕಟ್ಟಿಸಿದ ಸಬೀಲ್-ಕುತ್ತಾಬ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೆಳಗೆ ಅರವಟ್ಟಿಗೆ, ಮೇಲೆ ಮಕ್ಕಳ ಶಾಲೆ. ಆಗ ದಾರಿಹೋಕರಿಗೆ ಜಾಲರಿಯ ಸಂದಿಯಿಂದ ಬಿಟ್ಟಿಯಾಗಿ ನೀರು. ಮೇಲೆ ಹುಡುಗರು ಕುರಾನ್ ಬಾಯಿಪಾಠ. ಖರ್ಚಿಗೆ ಅಂಗಡಿಗಳ ಬಾಡಿಗೆಯನ್ನೋ ಹೊಲದ ಹುಟ್ಟುವಳಿಯನ್ನೋ ದತ್ತಿ ಬಿಡುವುದು ರೂಢಿಯಾಗಿತ್ತು. ಈ ಊರಲ್ಲಿ ಇಂಥವು ಇನ್ನೂ ಎಷ್ಟೋ ಇವೆ, ಒಂದನ್ನು ಗುರುತಿಸಿದರೆ ಉಳಿದವು ತಾವಾಗಿ ಕಾಣತೊಡಗುತ್ತವೆ.

ಕಲಾವೂನನ ಆಸ್ಪತ್ರೆ

ಈಗ ಬೀದಿಯ ಅತಿ ಗಂಭೀರ ಜಾಗ. ಬಲಕ್ಕೆ ಸಾಲಾಗಿ ಮೂರು ಸುಲ್ತಾನರ ಕಟ್ಟಡಗಳು: ಬರ್ಕೂಕ್, ಅನ್-ನಾಸಿರ್ ಮುಹಮ್ಮದ್, ಕಲಾವೂನ್. ಮೂರನ್ನೂ ಒಂದೇ ಉಸಿರಿಗೆ ನೋಡಿದರೆ ಕಲಸಿಹೋಗುತ್ತದೆ. ಬರ್ಕೂಕನದರ ಚಾವಣಿಯ ನೀಲಿ-ಬಂಗಾರ ಕಣ್ತುಂಬ ನೋಡಿ. ಅನ್-ನಾಸಿರನ ಬಾಗಿಲ ಮುಂದೆ ಎರಡು ನಿಮಿಷ ನಿಲ್ಲಿ. ಆ ಬಾಗಿಲು ಇಲ್ಲಿಯದಲ್ಲ, ಪ್ಯಾಲೆಸ್ಟೈನ್ ಕರಾವಳಿಯ ಅಕ್ಕಾ ಊರಿನ ಚರ್ಚಿನದು. 1291ರಲ್ಲಿ ಕ್ರುಸೇಡಿನವರಿಂದ ಅಕ್ಕಾ ಗೆದ್ದಾಗ ಕಳಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಉಳಿದ ಸಮಯವೆಲ್ಲ ಕಲಾವೂನನಿಗೆ ಇರಲಿ.

1284-85ರಲ್ಲಿ ಕಟ್ಟಿದ್ದು: ಆಸ್ಪತ್ರೆ, ಮದರಸಾ, ಸುಲ್ತಾನನ ಗೋರಿ, ಮೂರೂ ಒಟ್ಟಿಗೆ. ಉದ್ದನೆಯ ಕತ್ತಲೆ ಓಣಿಯಂಥ ದಾರಿಯಲ್ಲಿ ನಡೆದು ಬಲಕ್ಕೆ ತಿರುಗಿದರೆ ಗೋರಿಯ ಕೋಣೆ. ಒಳಗೆ ಕಾಲಿಟ್ಟವರ ಮಾತು ತಾನಾಗಿ ತಗ್ಗುತ್ತದೆ. ಕೆಂಪು ಗ್ರಾನೈಟಿನ ಕಂಬಗಳು ಇನ್ನೂ ಹಳೆಯ ಕಟ್ಟಡಗಳಿಂದ ತಂದವು. ಎತ್ತರದ ಬಣ್ಣದ ಗಾಜಿನಿಂದ ಬೆಳಕಿನ ಚೂರುಗಳು ನೆಲದ ಮೇಲೆ ಬಿದ್ದಿರುತ್ತವೆ. ಹನ್ನೊಂದು, ಹನ್ನೊಂದೂವರೆಯ ಬಿಸಿಲು ಒಳ್ಳೆಯದು.

ಆಸ್ಪತ್ರೆಯಲ್ಲಿ ಗಂಡಸರು, ಹೆಂಗಸರು, ಬಡವ, ಬಲ್ಲಿದ ಎನ್ನದೆ ಎಲ್ಲರಿಗೂ ಬಿಟ್ಟಿ ಚಿಕಿತ್ಸೆ ಇತ್ತು. 1326ರಲ್ಲಿ ಕೈರೋಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಇದನ್ನು ವರ್ಣಿಸಲು ಮಾತು ಸಾಲದು ಎಂದು ಬರೆದ. ಮುಂದೆ ಅವನೇ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆ ಇದ್ದವು ಅಂತ ಲೆಕ್ಕ ಇಟ್ಟ. ಹಳೇ ಆಸ್ಪತ್ರೆಯಲ್ಲಿ ಉಳಿದಿರುವುದು ಸ್ವಲ್ಪವೇ. ಆದರೆ ಅದೇ ಆವರಣದಲ್ಲಿ ಈಗ ಕಣ್ಣಾಸ್ಪತ್ರೆ ಇದೆ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಹೆದರಬೇಡಿ, ಇದು ಬೇಳೆಕಾಳಿನ ಊರು. ಕೊಶರಿ ಅಂಗಡಿ ಹುಡುಕಿ. ಅನ್ನ, ಚೆನ್ನಂಗಿ ಬೇಳೆ, ಮ್ಯಾಕರೋನಿ, ಕಡಲೆಕಾಳು, ಮೇಲೆ ಗರಿಗರಿ ಕರಿದ ಈರುಳ್ಳಿ, ಟೊಮೆಟೊ ಸಾರು. ಜೊತೆಗೆ ಬೆಳ್ಳುಳ್ಳಿ ಹಾಕಿದ ವಿನೆಗರ್ ಒಂದು ಬಾಟಲಿಯಲ್ಲಿ, ಖಾರ ಇನ್ನೊಂದರಲ್ಲಿ. ಖಾರದ ಬಾಟಲಿಯನ್ನು ತೊಟ್ಟು ತೊಟ್ಟಾಗಿ ಹಾಕಿ, ಬ್ಯಾಡಗಿ ಮೆಣಸಿನ ಧೈರ್ಯ ಇಲ್ಲಿ ತೋರಿಸಬೇಡಿ. ಕೊಶರಿಗೂ ನಮ್ಮ ಕಿಚಡಿಗೂ ನಂಟಿದೆ ಎಂದು ಬಹಳ ಜನ ಹೇಳುತ್ತಾರೆ, ತಿಂದರೆ ನಂಬಬೇಕು ಅನಿಸುತ್ತದೆ.

ಬೆಳಗಿನ ತಿಂಡಿಗೆ ಫೂಲ್, ತಅಮಿಯಾ. ಫೂಲ್ ಎಂದರೆ ರಾತ್ರಿಯಿಡೀ ಬೇಯಿಸಿದ ದಪ್ಪ ಕಾಳು, ಎಣ್ಣೆ ನಿಂಬೆಹುಳಿ ಹಾಕಿ ರೊಟ್ಟಿಯಲ್ಲಿ ಎತ್ತಿ ತಿನ್ನುವುದು. ತಅಮಿಯಾ ಅದೇ ಕಾಳು ರುಬ್ಬಿ ಕರಿದ ವಡೆ. ಮುರಿದರೆ ಸೊಪ್ಪಿನಿಂದಾಗಿ ಒಳಗೆ ಹಸಿರು. ಎಚ್ಚರ ಬೇಕಾದದ್ದು ಮುಲೂಖಿಯಾ ಎಂಬ ಸೊಪ್ಪಿನ ಸಾರಿನ ಬಗ್ಗೆ. ನೋಡಲು ಪಕ್ಕಾ ಸಸ್ಯಾಹಾರ, ಆದರೆ ಸಾಮಾನ್ಯವಾಗಿ ಕೋಳಿಯದೋ ಮೊಲದ್ದೋ ಬೇಯಿಸಿದ ನೀರಲ್ಲೇ ಮಾಡುತ್ತಾರೆ.

ರಸ್ತೆಯ ಆಚೆ: ಪ್ರವಾಸಿಗರು ಮುಗಿದ ಜಾಗ

ಊಟ ಮುಗಿಸಿ ನಡೆದರೆ ತಾಮ್ರದವರ ಅಂಗಡಿ, ಬಂಗಾರದವರ ಸಾಲು, ಎಡಕ್ಕೆ ಖಾನ್ ಅಲ್-ಖಲೀಲಿ. ಈಗ ಒಳಗೆ ಹೋಗಬೇಡಿ. ಹಗಲು ಕೊಂಡದ್ದನ್ನು ದಿನವಿಡೀ ಹೊರಬೇಕಾಗುತ್ತದೆ.

ಇಲ್ಲೇ ನಾನು ಒಂದು ಸಲ ಬೇಸ್ತು ಬಿದ್ದದ್ದು. ಇಸ್ತ್ರಿ ಮಾಡಿದ ಶರಟು ಹಾಕಿದ ಒಬ್ಬರು ಬಂದು, 'ಮಸೀದಿ ಈಗ ಮುಚ್ಚಿದೆ, ನಮಾಜು. ಅರ್ಧ ಗಂಟೆ ಬಿಟ್ಟು ತೆರೆಯುತ್ತಾರೆ. ಅಷ್ಟರಲ್ಲಿ ನಮ್ಮ ಮಾವನ ಅಂಗಡಿಯಲ್ಲಿ ಚಹಾ ಕುಡಿಯಿರಿ' ಅಂದರು. ಚಹಾ ಬಂತು, ಅತ್ತರು ಬಂತು, ಸಣ್ಣ ಸಣ್ಣ ಬಾಟಲಿ ಸಾಲಾಗಿ ನಿಂತವು. ಮುಕ್ಕಾಲು ಗಂಟೆ ಬಿಟ್ಟು, ಬೇಡದ ಎರಡು ಬಾಟಲಿ ಹಿಡಿದು ಹೊರಗೆ ಬಂದರೆ ಮಸೀದಿಯ ಬಾಗಿಲು ಹಾರುಹೊಡೆದಿತ್ತು. ಮುಚ್ಚೇ ಇರಲಿಲ್ಲ! ಅವತ್ತಿನಿಂದ ಒಂದು ನಿಯಮ: ಮುಚ್ಚಿದೆ ಅಂತ ಯಾರೇ ಹೇಳಲಿ, ಬಾಗಿಲವರೆಗೆ ಹೋಗಿ ನಾನೇ ನೋಡುತ್ತೇನೆ.

ಅಲ್-ಅಝ್ಹರ್ ರಸ್ತೆ ಪೇಟೆಯನ್ನು ಎರಡು ತುಂಡು ಮಾಡಿದೆ. ಮೇಲಿನಿಂದ ದಾಟುವ ಸಾಹಸ ಬೇಡ, ಅಲ್-ಅಝ್ಹರ್ ಮಸೀದಿಯ ಹತ್ತಿರ ಪಾದಚಾರಿಗಳ ಸುರಂಗ ಇದೆ. ಆಚೆ ಬಂದ ಕೂಡಲೇ ಬೀದಿಯ ಸ್ವರ ಬದಲಾಗುತ್ತದೆ. ಮ್ಯಾಗ್ನೆಟ್ಟು ಇಲ್ಲ, ಪಪೈರಸ್ ಇಲ್ಲ. ಬನಿಯನ್ನು, ಬೆಡ್‌ಶೀಟು, ಮದುವೆಯ ಹಾಸಿಗೆ, ಮಸಾಲೆ. ಊರವರು ತಮಗೆ ಬೇಕಾದ್ದು ಕೊಳ್ಳುವ ಪೇಟೆ. ನಮ್ಮ ಚಿಕ್ಕಪೇಟೆ ಅನ್ನಿ.

ರಸ್ತೆಯ ಅಂಚಲ್ಲೇ ಎರಡೂ ಕಡೆ ಸುಲ್ತಾನ್ ಅಲ್-ಘೂರಿಯ ಕಟ್ಟಡಗಳು. ಒಂದು ಕಡೆ ಮಸೀದಿ-ಮದರಸಾ, ಎದುರಿಗೆ ಅವನು ತನಗಾಗಿ ಕಟ್ಟಿಸಿಕೊಂಡ ಗೋರಿ. ಆ ಗೋರಿಯಲ್ಲಿ ಅವನಿಲ್ಲ. 1516ರಲ್ಲಿ ಆಟೊಮನ್ ತುರ್ಕರ ಮೇಲಿನ ಯುದ್ಧದಲ್ಲಿ ಸತ್ತ, ಹೆಣ ಸಿಗಲೇ ಇಲ್ಲ. ಈ ಘೂರಿಗೂ ನಮ್ಮ ಕರಾವಳಿಗೂ ಲೆಕ್ಕಾಚಾರ ಇದೆ. ಪೋರ್ಚುಗೀಸರು ಮೆಣಸಿನ ವ್ಯಾಪಾರಕ್ಕೆ ಕೈ ಹಾಕಿದಾಗ ಕೈರೋದ ಸುಂಕಕ್ಕೆ ಏಟು ಬಿತ್ತು. ಇವನು ಹಡಗುಗಳನ್ನು ಭಾರತದವರೆಗೆ ಕಳಿಸಿದ. 1508ರಲ್ಲಿ ಮಹಾರಾಷ್ಟ್ರ ಕರಾವಳಿಯ ಚೌಲ್‌ನಲ್ಲಿ ಗೆದ್ದರು, ಮರುವರ್ಷ ದಿಯುನಲ್ಲಿ ಸೋತರು. ಹತ್ತಿರದಲ್ಲೇ ಅವನ ವಕಾಲಾ ಇದೆ. ಕೆಳಗೆ ಸರಕಿನ ಮಂಡಿ, ಮೇಲೆ ವರ್ತಕರಿಗೆ ಕೋಣೆ. ಮಂಡಿಯೂ ಛತ್ರವೂ ಒಂದೇ ಸೂರಿನಡಿ.

ಇದೇ ಸಾಲಿನಲ್ಲಿ ಕೆಂಪು ತರ್ಬೂಷ್ ಟೊಪ್ಪಿ ಮಾಡುವವರ ಅಂಗಡಿ ಹುಡುಕಿ. ಹಿತ್ತಾಳೆಯ ಅಚ್ಚು ಕಾಯಿಸಿ, ಒದ್ದೆ ಉಣ್ಣೆಯ ಟೊಪ್ಪಿಯನ್ನು ಅದರ ಮೇಲೆ ಕೂರಿಸಿ, ಮೇಲಿನಿಂದ ತಿರುಪು ತಿರುಗಿಸಿ ಒತ್ತುತ್ತಾರೆ. ಬುಸ್ಸೆಂದು ಹಬೆ ಏಳುತ್ತದೆ. ಫೋಟೊ ಬೇಕಾದರೆ ಮೊದಲು ಕೇಳಿ. ಇಲ್ಲಿ ಅಂತಲ್ಲ, ಎಲ್ಲಿಯೂ. ಪೊಲೀಸರ, ಸೈನಿಕರ ಫೋಟೊ ಮಾತ್ರ ಕೇಳಿಯೂ ತೆಗೆಯಬೇಡಿ.

ಮೂರು ಗಂಟೆಗೆ ಮುಂಚೆ ಮಿನಾರದ ಮೇಲೆ

ಬೀದಿಯ ಕೊನೆಗೆ ಬಾಬ್ ಝುವೇಲಾ, 1092ರದ್ದು. ಎರಡು ಬುರುಜಿನ ನೆತ್ತಿಯ ಮೇಲೆ ಎರಡು ಮಿನಾರು. ಅವು ಪಕ್ಕದ ಮುಅಯ್ಯದ್ ಮಸೀದಿಯವು. ಮುಅಯ್ಯದ್ ಸುಲ್ತಾನ ಆಗುವ ಮುಂಚೆ ಇಲ್ಲಿದ್ದ ಜೈಲಿನಲ್ಲಿ ಬಂದಿಯಾಗಿದ್ದ. ಹೇನು, ಚಿಗಟದ ಕಾಟ ತಡೆಯಲಾರದೆ, ಬದುಕಿ ಹೊರಬಂದರೆ ಈ ಜೈಲು ಕೆಡವಿ ಮಸೀದಿ ಕಟ್ಟುತ್ತೇನೆ ಅಂತ ಹರಕೆ ಹೊತ್ತನಂತೆ. ಕಟ್ಟಿಸಿದ. ಅದರ ಕಂಚಿನ ಬಾಗಿಲನ್ನು ಸುಲ್ತಾನ್ ಹಸನ್ ಮಸೀದಿಯಿಂದ ತಂದ.

ಘೂರಿಯ ನಂತರ ಬಂದ ಕೊನೆಯ ಮಮ್ಲೂಕ್ (ಗುಲಾಮ ಸೈನಿಕರಿಂದ ಬಂದ ಆಳುವವರ ಗುಂಪು) ಸುಲ್ತಾನ ತೂಮಾನ್ ಬಾಯ್‌ಯನ್ನು 1517ರಲ್ಲಿ ಆಟೊಮನ್ನರು ನೇಣು ಹಾಕಿದ್ದು ಇದೇ ಬಾಗಿಲಲ್ಲಿ. ಇನ್ನೊಂದು ವಿಚಿತ್ರ: ಹಿಂದೆ ಹಲ್ಲುನೋವಿನವರು ಕಿತ್ತ ಹಲ್ಲನ್ನು ತಂದು ಈ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದರು.

ಟಿಕೆಟ್ ತೆಗೆದುಕೊಂಡು ಹತ್ತಿ. ಮೆಟ್ಟಿಲು ಸುರುಳಿ, ಇಕ್ಕಟ್ಟು, ಕತ್ತಲೆ. ಮೊಬೈಲ್ ಟಾರ್ಚ್ ಬೇಕು. ಮಂಡಿನೋವಿನವರು ಬುರುಜಿನ ಮಟ್ಟದಲ್ಲೇ ನಿಂತರೂ ನಷ್ಟವಿಲ್ಲ. ಸ್ಮಾರಕಗಳು ಸಂಜೆ ನಾಲ್ಕು, ಐದಕ್ಕೆ ಮುಚ್ಚುವುದರಿಂದ ಸೂರ್ಯಾಸ್ತಕ್ಕೆ ಕಾಯಬೇಡಿ. ಚಳಿಗಾಲದಲ್ಲಿ ಮೂರು ಗಂಟೆಯ ಆಸುಪಾಸಿಗೆ ಅಸರ್ ನಮಾಜಿನ ಕರೆ. ಅದಕ್ಕೆ ಹತ್ತು ನಿಮಿಷ ಮುಂಚೆ ಮೇಲಿರಿ. ಮೊದಲು ದೂರದಲ್ಲೆಲ್ಲೋ ಒಂದು ದನಿ. ಆಮೇಲೆ ಕಾಲಡಿಯಿಂದ ಒಂದು. ಅರ್ಧ ನಿಮಿಷದಲ್ಲಿ ಎಲ್ಲ ಕಡೆಯಿಂದ, ಒಂದಕ್ಕೊಂದು ತಾಳ ಸೇರದೆ. ಕೆಳಗೆ ಮಹಡಿಗಳ ಮೇಲೆ ಡಿಶ್ ಆಂಟೆನಾ, ಪಾರಿವಾಳದ ಮರದ ಗೂಡು, ಒಣಗಲು ಹಾಕಿದ ಬಟ್ಟೆ. ಆಗ್ನೇಯಕ್ಕೆ ಕೋಟೆ, ಅದರ ಮೇಲೆ ಮುಹಮ್ಮದ್ ಅಲಿ ಮಸೀದಿಯ ಗುಮ್ಮಟ.

ಇಳಿದು ಬಾಗಿಲು ದಾಟಿದರೆ ಎದುರಿಗೆ ಖಯಾಮಿಯಾ, ಡೇರೆ ಹೊಲಿಯುವವರ ಮುಚ್ಚಿದ ಪೇಟೆ. ಗಂಡಸರು ಚಕ್ಕಳಮಕ್ಕಳ ಕೂತು ಬಣ್ಣದ ಬಟ್ಟೆಯ ತುಂಡುಗಳನ್ನು ಕ್ಯಾನ್ವಾಸಿನ ಮೇಲಿಟ್ಟು, ಅಂಚು ಮಡಚಿ ಸೂಜಿಯಲ್ಲಿ ಹೊಲಿಯುತ್ತಾರೆ. ಇಡೀ ದಿನದಲ್ಲಿ ಏನಾದರೂ ಒಂದನ್ನೇ ಕೊಳ್ಳುವುದಾದರೆ ನಾನು ಇಲ್ಲಿ ಕೊಳ್ಳುತ್ತೇನೆ. ಕುಶನ್ ಕವರ್ ಸಾಕು, ಚೀಲಕ್ಕೆ ಭಾರವಿಲ್ಲ. ಹಿಂದುಮುಂದು ತಿರುಗಿಸಿ ನೋಡಿ. ಕೈಹೊಲಿಗೆಯದಾದರೆ ಹಿಂದೆ ದಪ್ಪ ಕ್ಯಾನ್ವಾಸು, ಅದರ ಮೇಲೆ ಸಣ್ಣ ಸಣ್ಣ ಹೊಲಿಗೆಯ ಗುರುತು ಇರುತ್ತದೆ. ಇದೇ ಚಿತ್ತಾರ ಅಚ್ಚು ಹಾಕಿದ ತೆಳು ಬಟ್ಟೆಯೂ ಮಾರಾಟಕ್ಕಿದೆ, ಬೆರಳಾಡಿಸಿದರೆ ನುಣ್ಣಗೆ ಒಂದೇ ಪದರ.

ದೀಪ ಹಚ್ಚಿದ ಮೇಲೆ ವಾಪಸ್

ಕತ್ತಲಾಗುವಾಗ ಅದೇ ಬೀದಿಯಲ್ಲಿ ಉತ್ತರಕ್ಕೆ ತಿರುಗಿ. ಖಾನ್ ಅಲ್-ಖಲೀಲಿಗೆ ಈಗ ಹೋಗಿ. ಅಮೀರ್ ಜಹಾರ್ಕಸ್ ಅಲ್-ಖಲೀಲಿ 1380ರ ದಶಕದಲ್ಲಿ ಶುರು ಮಾಡಿದ ವಕಾಲಾದಿಂದ ಬಂದ ಹೆಸರು ಇದು. ಚೌಕಾಸಿಗೆ ಸೂತ್ರವೇನೂ ಇಲ್ಲ. ಮೂರು ಅಂಗಡಿಯಲ್ಲಿ ಕೇಳಿ, ಎಲ್ಲಿಯೂ ಕೊಳ್ಳಬೇಡಿ, ನಾಲ್ಕನೆಯದರಲ್ಲಿ ಬೆಲೆ ತಾನಾಗಿ ಗೊತ್ತಾಗುತ್ತದೆ. ನೀವು ಒಂದು ಬೆಲೆ ಹೇಳಿ ಅವರು ಒಪ್ಪಿದ ಮೇಲೆ ಬೇಡ ಅನ್ನುವುದು ಮಾತ್ರ ಕೆಟ್ಟ ಪದ್ಧತಿ. ಎಲ್ ಫಿಶಾವಿ ಎಂಬ ಹಳೇ ಕಾಫಿ ಅಂಗಡಿಯಲ್ಲಿ ಪುದೀನಾ ಚಹಾ ಸಿಗುತ್ತದೆ. ಜಾಸ್ತಿ ಬೆಲೆ, ಇಕ್ಕಟ್ಟು, ಆದರೂ ಒಂದು ಸಲ ಕೂರಬೇಕು. ಆಮೇಲೆ ಕಲಾವೂನನ ಎದುರು ಕಟ್ಟೆಯ ಮೇಲೆ ಊರ ಜನರ ಜೊತೆ ಕೂತುಕೊಳ್ಳಿ. ಬೆಳಗ್ಗೆ ನೋಡಿದ ಗೋಡೆಗಳ ಮೇಲೆ ಕೆಳಗಿನಿಂದ ದೀಪ ಬಿದ್ದಿರುತ್ತದೆ, ಹಗಲು ಕಾಣದ ಕೆತ್ತನೆ ಈಗ ಎದ್ದು ಬರುತ್ತದೆ.

ಇನ್ನೊಂದು ದಿನ ಸಿಕ್ಕರೆ

ಇಬ್ನ್ ತೂಲೂನ್ ಮಸೀದಿ (879), ಸುಲ್ತಾನ್ ಹಸನ್ ಮಸೀದಿ, ಸಲಾದೀನ್ ಶುರು ಮಾಡಿದ ಕೋಟೆ, ಈ ಮೂರನ್ನು ಒಂದು ಬೆಳಗ್ಗೆ ನೋಡಬಹುದು. ಇಬ್ನ್ ತೂಲೂನಿನ ಖಾಲಿ ಅಂಗಳವೇ ನನಗೆ ಮೂರರಲ್ಲಿ ಮೇಲು.

ಮಧ್ಯಾಹ್ನ ಮಂಗಳೂರಿನವರು ತಪ್ಪಿಸಬಾರದ ಜಾಗ ಒಂದಿದೆ: ದಕ್ಷಿಣದ ಫುಸ್ತಾತ್‌ನಲ್ಲಿ, ಕಾಪ್ಟಿಕ್ (ಈಜಿಪ್ಟಿನ ಕ್ರೈಸ್ತರ) ಚರ್ಚುಗಳ ನಡುವೆ ಇರುವ ಬೆನ್ ಎಝ್ರಾ ಯೆಹೂದಿ ಮಂದಿರ. ದೇವರ ಹೆಸರಿರುವ ಕಾಗದ ಎಸೆಯಬಾರದು ಅಂತ ಯೆಹೂದಿಗಳು ಹಳೇ ಪತ್ರಗಳನ್ನೆಲ್ಲ ಇಲ್ಲಿನ ಒಂದು ಕೋಣೆಯಲ್ಲಿ ಶತಮಾನಗಟ್ಟಲೆ ತುಂಬಿಟ್ಟಿದ್ದರು. ಅದಕ್ಕೆ ಗೆನೀಝಾ ಎಂದು ಹೆಸರು. 1896-97ರಲ್ಲಿ ಅದರ ಬಹುಪಾಲು ಕೇಂಬ್ರಿಜ್‌ಗೆ ಹೋಯಿತು. ಆ ಕಟ್ಟುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು ಸಿಕ್ಕವು. ಹನ್ನೆರಡನೇ ಶತಮಾನದಲ್ಲಿ ಅವನು ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿ, ಮಂಗಳೂರಿನ ಕಡೆ ಇದ್ದ. ಅಡಿಕೆ, ಮೆಣಸು, ಕಬ್ಬಿಣ ಯೆಮನ್‌ನ ಬಂದರು ಏಡನ್‌ಗೆ ಕಳಿಸುತ್ತಿದ್ದ. ಕಂಚು, ಹಿತ್ತಾಳೆ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಆಶು ಎಂಬ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದ 1132ರ ಕಾಗದ ಮಂಗಳೂರಿನಲ್ಲೇ ಬರೆದದ್ದು. ಸರಕಿನ ಜೊತೆ ಏಡನ್‌ಗೆ ಹೋಗಿಬರುತ್ತಿದ್ದ ಅವನ ಆಳಿನ ಹೆಸರನ್ನು ಬೊಮ್ಮ ಎಂದು ಓದಿದ್ದಾರೆ.

ಮಂದಿರದಲ್ಲಿ ಈಗ ಆ ಕಾಗದಗಳಿಲ್ಲ, ಬಣ್ಣ ಬಳಿದು ಚೊಕ್ಕ ಮಾಡಿದ ಕಂಬ, ಚಾವಣಿ ಅಷ್ಟೇ. ಮೆಟ್ರೋದ ಒಂದನೇ ಲೈನಿನಲ್ಲಿ ಮಾರ್ ಗಿರ್ಗಿಸ್ ಸ್ಟೇಷನ್ನಿನಲ್ಲಿ ಇಳಿಯಿರಿ, ಚರ್ಚುಗಳ ಗೋಡೆ ಎದುರಿಗೇ ಕಾಣುತ್ತದೆ. ಮಧ್ಯದ ಡಬ್ಬಿಗಳು ಹೆಂಗಸರಿಗೆ ಮೀಸಲು, ಗಂಡಸರು ಅವಸರದಲ್ಲಿ ಅದಕ್ಕೆ ಹತ್ತಬೇಡಿ.